ಪುಟ ಎಲ್ಲಿ ತಿರುವಬೇಕು ಅನ್ನೋದನ್ನು ನೋಡಿ ಪುಸ್ತಕ ಕೊಳ್ಳಿ

ನಮಸ್ಕಾರ. ನಾಲ್ಕು ವರ್ಷದ ಮಗಳಿಗೆ ಹಳೇ ಮಕ್ಕಳ ಪದ್ಯಗಳ ಪುಸ್ತಕ ತಂದರೆ ಚಿತ್ರ ನೋಡಿ ಪುಟ ತಿರುವಿಬಿಡ್ತಾಳೆ, ಪದ್ಯ ಕೇಳೋದೇ ಇಲ್ಲ ಎಂದು ಬರೆದಿದ್ದೀರಿ. ನೀವು ಹಾಕಿದ ಫೋಟೊ ನೋಡಿದೆ. ತಪ್ಪು ಮಗುವಿನದಲ್ಲ. ಅದು ಸಂಗ್ರಹ: ಪುಟಕ್ಕೊಂದು ಪದ್ಯ, ಮೂಲೆಯಲ್ಲೊಂದು ಚಿತ್ರ. ಹನ್ನೆರಡು ಸಾಲು ಮುಗಿಯೋವರೆಗೆ ಅದೊಂದೇ ಚಿತ್ರ ನೋಡುತ್ತಾ ಕೂರಲು ನಮಗೂ ಬೇಜಾರೇ, ಅಲ್ವಾ? ಪದ್ಯ ಮರೆತಾಗ ನೀವು ನೋಡಿಕೊಳ್ಳೋಕೆ ಅದನ್ನು ಇಟ್ಟುಕೊಳ್ಳಿ. ಅವಳಿಗೆ ಒಂದೇ ಪದ್ಯದ ಪುಸ್ತಕ ಬೇಕು, ಪುಟಕ್ಕೆ ಎರಡು ಸಾಲು ಸಾಕು.

ರಾಜರತ್ನಂ ಅವರ ತುತ್ತೂರಿಯನ್ನೇ ತೆಗೆದುಕೊಳ್ಳಿ. ಕಸ್ತೂರಿ ಜಂಬದಿಂದ ಊದುತ್ತಾ ಕೊಳದ ಹತ್ತಿರ ಬರುತ್ತಾನೆ. ಪುಟ ತಿರುವಬೇಕಾದ್ದು ಅಲ್ಲೇ. ತುತ್ತೂರಿ ನೀರಿಗೆ ಜಾರುವುದು ಮುಂದಿನ ಪುಟದಲ್ಲಿರಬೇಕು. ನಾನು ಮೊದಲು ಕೊಂಡ ಪುಸ್ತಕದಲ್ಲಿ ಎರಡೂ ಎದುರುಬದುರು ಪುಟದಲ್ಲಿದ್ದವು. ನಾನು ಬಾಯಿ ತೆರೆಯುವ ಮೊದಲೇ ಮಗ "ಬಿದ್ದೋಯ್ತು" ಅಂತ ಎದ್ದು ಹೋದ. ಮಾರನೇ ದಿನ ಬಲಗಡೆ ಪುಟಕ್ಕೆ ಕ್ಯಾಲೆಂಡರ್ ಹಾಳೆ ಮುಚ್ಚಿ ಓದಿದೆ. ಪೂರ್ತಿ ಕೇಳಿದ, ಇನ್ನೊಂದ್ಸಲ ಓದು ಅಂದ.

ಕುವೆಂಪು ಅವರ ಕಿಂದರಿಜೋಗಿ ಕೊಳ್ಳುವಾಗ ಜೋಗಿಯ ಕೈ ನೋಡಿ. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಮೂಲ ಪದ್ಯದಲ್ಲಿ ಅವನು ಜರ್ಮನಿಯ ಹ್ಯಾಮೆಲಿನ್‌ಗೆ ಬಂದ ಕೊಳಲಿನವನು. ಕುವೆಂಪು ಅವನನ್ನು ತುಂಗೆಯ ದಡಕ್ಕೆ ಕರೆತಂದು ಕೈಗೆ ಕಿಂದರಿ ಕೊಟ್ಟರು. ಕಿಂದರಿ ಅಂದರೆ ಕಿನ್ನರಿ, ಬುರುಡೆ ಕಟ್ಟಿದ ತಂತಿವಾದ್ಯ. ಚಿತ್ರದಲ್ಲಿ ಕೊಳಲಿದ್ದರೆ ಬರೆದವರು ಪದ್ಯ ಓದಿಲ್ಲ, ಇಂಗ್ಲಿಷ್ ಪುಸ್ತಕ ನೋಡಿ ಬರೆದಿದ್ದಾರೆ ಅಂತಲೇ ನನ್ನ ಲೆಕ್ಕ. ಆಮೇಲೆ ಇಲಿಗಳನ್ನು ನೋಡಿ. ಅಣ್ಣಿಲಿ, ತಮ್ಮಿಲಿ, ಅವ್ವಿಲಿ, ಅಪ್ಪಿಲಿ ಅಂತ ಓದುವಾಗ ಮಗು ಬೆರಳಿಟ್ಟು ಹುಡುಕೋ ಹಾಗೆ ಒಂದೊಂದೂ ಬೇರೆ ಬೇರೆ ಇರಬೇಕು. ಎಲ್ಲಾ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದರೆ ವಾಪಸ್ ಇಟ್ಟುಬಿಡಿ. ಪದ್ಯ ಉದ್ದ. ಸದ್ಯಕ್ಕೆ ಇಲಿಗಳು ಹೊಳೆಗೆ ಬೀಳುವ ತನಕ ಓದಿ, ಊರಿನ ಮಕ್ಕಳು ಜೋಗಿಯ ಹಿಂದೆ ಹೋಗುವ ಭಾಗ ಆರು ವರ್ಷ ತುಂಬಿದ ಮೇಲೆ ಸಾಕು.

ಗೋವಿನ ಹಾಡನ್ನು ಮಾತ್ರ ಓದಬೇಡಿ, ಹಾಡಿ. ರಾಗ ತಪ್ಪಿದರೂ ಪರವಾಗಿಲ್ಲ. ವ್ಯಾಘ್ರ ಅಂದರೇನು ಅಂತ ನಡುವೆ ನಿಲ್ಲಿಸಿ ಹೇಳೋದೂ ಬೇಡ, ಹುಲಿ ಅಲ್ಲೇ ನಿಂತಿರುತ್ತೆ. "ಆರ ಬಳಿಯಲಿ ಮಲಗಲಮ್ಮ" ಅನ್ನುವಲ್ಲಿ ನನ್ನ ಮಗ ಕರುವಿನ ಮೇಲೆ ಅಂಗೈ ಇಟ್ಟು ಪುಟ ತಿರುವಲು ಬಿಟ್ಟಿರಲಿಲ್ಲ. ಅವಳೂ ತಡೆದರೆ ಕಾಯಿರಿ.

ಪುಸ್ತಕ ಸಿಗದಿದ್ದರೆ ಮನೆಯಲ್ಲೇ ಮಾಡಿ. ಪಂಜೆಯವರ ನಾಗರಹಾವೆ ಇದಕ್ಕೆ ಹೇಳಿ ಮಾಡಿಸಿದ್ದು. "ಬಾ ಬಾ" ಅಂತ ಕರೆಯುವುದು ಶುರುವಿನಲ್ಲಿ, "ಪೋ ಪೋ" ಅಂತ ಕಳಿಸುವುದು ಕಡೆಗೆ. ನಾಲ್ಕು ಡ್ರಾಯಿಂಗ್ ಶೀಟ್ ಒಟ್ಟಿಗೆ ಮಡಚಿದರೆ ರಟ್ಟೂ ಸೇರಿ 16 ಪುಟ. ಮಡಿಕೆಯಲ್ಲಿ ದಬ್ಬಳದಿಂದ ಮೂರು ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿಯಿರಿ. ಸ್ಟೇಪ್ಲರ್ ಬೇಡ, ಪಿನ್ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಕ್ಷರ ನೀವು ಬರೆಯಿರಿ, ಚಿತ್ರ ಅವಳು ಬರೆಯಲಿ. ಹಾವು ಬರೆಯೋಕೆ ಬಾರದ ಮಗುವನ್ನು ನಾನಂತೂ ನೋಡಿಲ್ಲ.