ಸ್ಪ್ರಿಂಕ್ಲರ್ ತಲೆ ಎತ್ತುತ್ತಿಲ್ಲ

ಪ್ರಶ್ನೆ: ಮನೆ ಮುಂದೆ ಇಪ್ಪತ್ತಕ್ಕೆ ಮೂವತ್ತಡಿ ಲಾನ್ ಇದೆ, ನೀರು ಬಿಟ್ಟಾಗ ನೆಲದಿಂದ ಮೇಲೆದ್ದು ಚಿಮುಕಿಸುವ ಆರು ಪಾಪ್-ಅಪ್ ಸ್ಪ್ರಿಂಕ್ಲರ್ ಇವೆ. ಮೊದಲು ಸಂಪಿನ ಮೋಟಾರಿನಿಂದ ನೇರ ಓಡುತ್ತಿದ್ದವು. ಯುಗಾದಿ ಹೊತ್ತಿಗೆ ಪ್ಲಂಬರ್ ಬಂದು, ಕರೆಂಟ್ ಉಳಿಯುತ್ತೆ ಅಂತ ಪೈಪನ್ನು ಓವರ್‌ಹೆಡ್ ಟ್ಯಾಂಕಿಗೆ ಜೋಡಿಸಿದರು. ಈಗ ಎರಡು ಅರ್ಧ ಏಳುತ್ತವೆ, ಉಳಿದವು ಏಳುವುದೇ ಇಲ್ಲ. ಗೇಟಿನ ಹತ್ತಿರದ್ದು ನೀರು ನಿಲ್ಲಿಸಿದ ಮೇಲೂ ಒಸರುತ್ತದೆ. ಆರೂ ಹೊಸದು ಹಾಕಿಸಬೇಕಂತೆ. ಹೌದೇ?
— ಗೃಹಿಣಿ, ಮೈಸೂರು

ಉತ್ತರ: ಬೇಡಮ್ಮ, ದುಡ್ಡು ಕೈಯಲ್ಲೇ ಇರಲಿ. ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ.

ನೀರು ಹತ್ತು ಮೀಟರ್ ಎತ್ತರದಲ್ಲಿ ನಿಂತರೆ ಕೆಳಗೆ ಸಿಗುವ ಒತ್ತಡ ಹೆಚ್ಚುಕಡಿಮೆ 1 ಬಾರ್. ಎರಡಂತಸ್ತಿನ ಮನೆಯ ಟ್ಯಾಂಕ್ ಎಂಟು ಮೀಟರ್ ಎತ್ತರದಲ್ಲಿದ್ದರೆ 0.8 ಬಾರ್; ನೀರು ಹರಿಯುವಾಗ ಪೈಪು, ಎಲ್ಬೋಗಳಲ್ಲಿ ಅದರಲ್ಲೂ ಒಂದಿಷ್ಟು ಕಳೆದುಹೋಗುತ್ತದೆ. ಈ ತರಹದ ಸ್ಪ್ರಿಂಕ್ಲರ್ ಹೆಡ್ಡಿಗೆ ಸುಮಾರು 2 ಬಾರ್ ಬೇಕು, ಒಳಗಿನ ಸ್ಪ್ರಿಂಗನ್ನು ತಳ್ಳಿಕೊಂಡು ಮೇಲೇಳಬೇಕಲ್ಲ. ಇನ್ನು ಕರೆಂಟ್ ಉಳಿತಾಯದ ಮಾತು: ಟ್ಯಾಂಕಿಗೆ ನೀರು ಹತ್ತಿಸಿದ್ದೂ ಅದೇ ಮೋಟಾರು ತಾನೇ! ಲೈನನ್ನು ಮತ್ತೆ ಮೋಟಾರಿಗೇ ಕೊಡಿಸಿ.

ಆದರೆ ಕೊಡಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಪೈಪ್ ಕೊಯ್ದಿದ್ದಾರೆ. ನಮ್ಮ ಮನೆಯಲ್ಲೂ ಹೀಗೆ ಕೊಯ್ದ ಮರುದಿನ ಒಂದು ಹೆಡ್ ಸತ್ತುಹೋಯಿತು. ಕುರ್ಪಿಯಲ್ಲಿ ಸುತ್ತಲಿನ ಮಣ್ಣು ಬಿಡಿಸಿ, ಮೇಲಿನ ಮುಚ್ಚಳ ತಿರುಗಿಸಿ, ಒಳಗಿನ ಕೊಳವೆ ಎಳೆದೆ. ನಾಝಲ್ ಕೆಳಗೆ ಬೆರಳ ತುದಿಯಷ್ಟು ಜಾಲರಿ ಬುಟ್ಟಿ ಇರುತ್ತದೆ. ಅದರ ತುಂಬ ಗರಗಸದ ಬಿಳಿ ಪಿವಿಸಿ ಪುಡಿ, ಉಪ್ಪಿಟ್ಟಿನ ರವೆಯ ಹಾಗೆ! ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದೆ, ಹೋಯಿತು. ನಿಮ್ಮದು ಬೋರ್ ನೀರಾಗಿ ಬಿಳಿ ಪೊರೆ ಕಟ್ಟಿದ್ದರೆ ಬುಟ್ಟಿ, ನಾಝಲ್ ಎರಡನ್ನೂ ವಿನೆಗರ್‌ನಲ್ಲಿ ರಾತ್ರಿ ನೆನೆಹಾಕಿ. ಸೂಜಿ ಮಾತ್ರ ತೂರಿಸಬೇಡಿ. ತೂತು ದೊಡ್ಡದಾದರೆ ನೀರು ಬೀಸುವ ರೀತಿಯೇ ಕೆಟ್ಟುಹೋಗುತ್ತದೆ.

ಗೇಟಿನ ಹತ್ತಿರದ್ದು ಬೇರೆ ಕತೆ. ಆ ಜಾಗ ತಗ್ಗಿನಲ್ಲಿದೆಯೇ? ಇದ್ದರೆ, ನಿಲ್ಲಿಸಿದ ಮೇಲೆ ಪೈಪಿನಲ್ಲಿ ಉಳಿದ ನೀರು ಅಲ್ಲಿಂದ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ನಿಂತರೆ ರೋಗವಲ್ಲ. ಬೆಳಿಗ್ಗೆ ಎದ್ದಾಗಲೂ ತೊಟ್ಟಿಕ್ಕುತ್ತಿದ್ದರೆ ಗೇಟಿನ ಹೆಡ್ ಬಿಟ್ಟುಬಿಡಿ, ಲೈನಿನ ವಾಲ್ವ್ ಬಿಚ್ಚಿಸಿ. ಒಂದು ಮರಳ ಕಣ ಸಿಕ್ಕಿಕೊಂಡರೂ ಸಾಕು, ಅದು ಪೂರ್ತಿ ಮುಚ್ಚುವುದಿಲ್ಲ.

ಪ್ಲಂಬರ್ ಬಂದ ದಿನ ಹತ್ತಿರ ನಿಂತಿರಿ. ಸಲ್ಯೂಷನ್ (ಪೈಪಿನ ಅಂಟು) ಹಚ್ಚುವ ಮೊದಲು ಪೈಪ್ ತುದಿ ಒರೆಸಿ ಒಣಗಿಸಲಿ, ಅಂಟಿಸಿದ ತಕ್ಷಣ ನೀರು ಬಿಡಲು ಬಿಡಬೇಡಿ. ಬಿಡುವಾಗಲೂ ಕೊನೆಯ ಹೆಡ್ಡಿನ ಒಳಭಾಗ ತೆಗೆದಿಟ್ಟು ಒಂದೆರಡು ನಿಮಿಷ ಹರಿಸಿ, ಪುಡಿಯೆಲ್ಲ ಹುಲ್ಲಿನ ಮೇಲೆ ಹೋಗಲಿ.