ಓದುಗರ ಪ್ರಶ್ನೆ: ವಿಡಿಯೊ ಎಡಿಟಿಂಗ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೇ?

ಪ್ರಶ್ನೆ: ಕೊಪ್ಪಳದಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ಮಾಡಿಕೊಡುವ ಸಣ್ಣ ಸ್ಟುಡಿಯೊ ನನ್ನದು. ಇಂಟೆಲ್ ಐ5-8400 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಮತ್ತು ಜಿಟಿಎಕ್ಸ್ 1050 ಟಿಐ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಪ್ರೀಮಿಯರ್ ಪ್ರೊ ಬಳಸುತ್ತೇನೆ. ಹೊಸ ಕ್ಯಾಮೆರಾದಲ್ಲಿ 4ಕೆ, ಎಚ್.265, 10 ಬಿಟ್ 4:2:2 ಮಾದರಿಯಲ್ಲಿ ಚಿತ್ರೀಕರಿಸಲು ಆರಂಭಿಸಿದ ಮೇಲೆ ಟೈಮ್‌ಲೈನ್ ತಡೆದು ತಡೆದು ಓಡುತ್ತಿದೆ. ಅಂಗಡಿಯವರು ಆರ್‌ಟಿಎಕ್ಸ್ 3060 ಕಾರ್ಡ್ ಹಾಕಿಸಿ ಎನ್ನುತ್ತಾರೆ. ಹಾಕಿಸಲೇ?

ಉತ್ತರ: ದಯವಿಟ್ಟು ಈಗಲೇ ಹಾಕಿಸಬೇಡಿ. ಆ ಕಾರ್ಡ್ ಒಳ್ಳೆಯದೇ, ಆದರೆ ನಿಮ್ಮನ್ನು ಕಾಡುತ್ತಿರುವ ತೊಂದರೆಯನ್ನು ಅದು ನೀಗಿಸುವುದಿಲ್ಲ.

ಎಚ್.265 ಎಂಬುದು ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ; ಅದರಲ್ಲಿ ಪ್ರತಿ ಫ್ರೇಮ್ ಪೂರ್ಣ ಚಿತ್ರವಾಗಿ ಉಳಿದಿರುವುದಿಲ್ಲ. ಕೆಲವೇ ಫ್ರೇಮ್‌ಗಳು ಪೂರ್ಣವಾಗಿದ್ದು, ನಡುವಿನವು ಅಕ್ಕಪಕ್ಕದ ಫ್ರೇಮ್‌ಗಳಿಗಿಂತ ಏನು ಬದಲಾಗಿದೆ ಎಂಬುದನ್ನು ಮಾತ್ರ ಹೇಳುತ್ತವೆ. ಹೀಗಾಗಿ ನೀವು ಟೈಮ್‌ಲೈನಿನಲ್ಲಿ ಎಲ್ಲೋ ಒಂದು ಕಡೆ ನಿಂತಾಗ ಆ ಒಂದು ಚಿತ್ರವನ್ನು ತೋರಿಸಲು ಕಂಪ್ಯೂಟರ್ ಹಿಂದಿನ ಹಲವು ಫ್ರೇಮ್‌ಗಳನ್ನು ಬಿಡಿಸಿಕೊಂಡು ಬರಬೇಕಾಗುತ್ತದೆ. ಈ ಬಿಡಿಸುವ ಕೆಲಸಕ್ಕೆಂದೇ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಪ್ರತ್ಯೇಕ ಡಿಕೋಡರ್ ಇರುತ್ತದೆ, ಆದರೆ ಅದು ಎಲ್ಲ ಮಾದರಿಗಳನ್ನೂ ಓದಲಾರದು. ಎನ್‌ವಿಡಿಯಾ ಕಾರ್ಡ್‌ಗಳು 4:2:2 ಮಾದರಿಯನ್ನು (ಸಾಮಾನ್ಯ 4:2:0ಗಿಂತ ಬಣ್ಣದ ವಿವರವನ್ನು ಹೆಚ್ಚು ಉಳಿಸಿಕೊಳ್ಳುವ ಮಾದರಿ) ಓದತೊಡಗಿದ್ದು 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಿಂದ. 3060ರ ಡಿಕೋಡರ್‌ಗೆ ಆ ಶಕ್ತಿಯಿಲ್ಲ. ಡಿಕೋಡರ್ ಕೈಬಿಟ್ಟ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಮತ್ತು ನಿಮ್ಮ ಆರು ಕೋರ್‌ಗಳ ಐ5-8400ಕ್ಕೆ 4ಕೆ ಹೊರೆ ಭಾರವೇ ಸರಿ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಯಾವ ಎಫೆಕ್ಟೂ ಇಲ್ಲದ ಒಂದು ಕ್ಲಿಪ್ ಓಡಿಸುತ್ತ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟ ತೆರೆಯಿರಿ. ಪ್ರೊಸೆಸರ್ ನೂರರ ಹತ್ತಿರವಿದ್ದು, ಜಿಪಿಯು (ಗ್ರಾಫಿಕ್ಸ್ ಚಿಪ್) ವಿಭಾಗದ ವಿಡಿಯೊ ಡಿಕೋಡ್ ರೇಖೆ ತಳದಲ್ಲೇ ಮಲಗಿದ್ದರೆ ಮೇಲೆ ಹೇಳಿದ್ದೇ ಕಾರಣ.

ಖರ್ಚಿಲ್ಲದ ಎರಡು ದಾರಿಗಳಿವೆ. ಮೊದಲನೆಯದು, ಕ್ಯಾಮೆರಾದಲ್ಲಿ 10 ಬಿಟ್ 4:2:0 ಆಯ್ಕೆಯಿದ್ದರೆ ಅದನ್ನೇ ಬಳಸುವುದು. ಈ ಮಾದರಿಯ ಎಚ್.265 ವಿಡಿಯೊವನ್ನು ನಿಮ್ಮ 1050 ಟಿಐ ಕೂಡ ಓದಬಲ್ಲದು. ಹಸಿರು ಪರದೆಯ ಮುಂದೆ ಚಿತ್ರೀಕರಿಸುವವರಿಗೆ 4:2:2 ನಿಜಕ್ಕೂ ನೆರವಾಗುತ್ತದೆ, ಆದರೆ ಮದುವೆ ಮಂಟಪದ ದೃಶ್ಯದಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟ. ಈಗಾಗಲೇ ಚಿತ್ರೀಕರಿಸಿದ್ದಕ್ಕೆ ಪ್ರಾಕ್ಸಿ ಇದೆ: ಪ್ರತಿ ಕ್ಲಿಪ್‌ನ ಹಗುರವಾದ ಪ್ರತಿಯೊಂದನ್ನು ರಾತ್ರಿ ತಯಾರಾಗಲು ಬಿಟ್ಟು, ಮರುದಿನ ಅದರಲ್ಲಿ ಕತ್ತರಿಸಿ ಜೋಡಿಸಿದರೆ, ಎಕ್ಸ್‌ಪೋರ್ಟ್ ಮಾಡುವಾಗ ಪ್ರೀಮಿಯರ್ ಮೂಲ ಫೈಲನ್ನೇ ತೆಗೆದುಕೊಳ್ಳುತ್ತದೆ. ನಮ್ಮ ಸ್ಟುಡಿಯೊಗಳಲ್ಲಿ ಇದನ್ನು ಬಳಸುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ಇದರಿಂದ ಹಳೆಯ ಕಂಪ್ಯೂಟರ್ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಹಣ ಹಾಕುವುದೇ ಆದರೆ ಮೊದಲು ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕ್‌ಗಿಂತ ವೇಗದ, ತಿರುಗುವ ಭಾಗಗಳಿಲ್ಲದ ಡಿಸ್ಕ್) ಹಾಕಿ. 4ಕೆ ಕೆಲಸಕ್ಕೆ ಪ್ರೀಮಿಯರ್ ತಯಾರಿಸುವ ಅಡೋಬಿಯೇ 32 ಜಿಬಿ ರ‍್ಯಾಮ್ ಸೂಚಿಸುತ್ತದೆ. ಒಂದೇ ಬಗೆಯ 16 ಜಿಬಿಯ ಎರಡು ಡಿಡಿಆರ್4 ಕಡ್ಡಿಗಳನ್ನು ಜೊತೆಯಾಗಿ ಕೊಳ್ಳಿ. ಇನ್ನು ಡಿಸ್ಕ್: ಸೆಕೆಂಡಿಗೆ 200 ಮೆಗಾಬಿಟ್‌ನ ವಿಡಿಯೊ ಎಂದರೆ ಕೇವಲ 25 ಮೆಗಾಬೈಟ್, ಹಾರ್ಡ್ ಡಿಸ್ಕ್ ಅದನ್ನು ನಿಭಾಯಿಸುತ್ತದೆ, ಆದರೆ ವಿಂಡೋಸ್, ಪ್ರೀಮಿಯರ್‌ನ ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಮತ್ತು ಎರಡು ಮೂರು ಕ್ಯಾಮೆರಾಗಳ ಫೈಲ್‌ಗಳನ್ನು ಒಂದೇ ಡಿಸ್ಕ್‌ನ ನಾನಾ ಕಡೆಯಿಂದ ಓದಬೇಕಾದಾಗ ಅದು ಸೋಲುತ್ತದೆ. ಆದ್ದರಿಂದ ವಿಂಡೋಸ್, ಕ್ಯಾಶ್ ಮತ್ತು ನಡೆಯುತ್ತಿರುವ ಕೆಲಸವನ್ನು ಎಸ್‌ಎಸ್‌ಡಿಯಲ್ಲಿಟ್ಟು, ಮುಗಿದದ್ದನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸಿ.

4:2:2 ಬಿಡಲು ಮನಸ್ಸಿಲ್ಲದಿದ್ದರೆ ಮುಂದಿನ ಹೆಜ್ಜೆ ಪ್ರೊಸೆಸರ್. ಐ5-12400ರ ಒಳಗಿನ ಇಂಟೆಲ್ ಗ್ರಾಫಿಕ್ಸ್ ಈ ಮಾದರಿಯನ್ನು ನೇರವಾಗಿ ಓದುತ್ತದೆ. ಅದಕ್ಕೆ ಹೊಸ ಮದರ್‌ಬೋರ್ಡ್ ಬೇಕಾಗುತ್ತದೆ. ಡಿಡಿಆರ್4 ಬೋರ್ಡನ್ನೇ ಆರಿಸಿದರೆ ಈಗ ಕೊಂಡ ರ‍್ಯಾಮ್ ಅಲ್ಲಿಯೂ ನಡೆಯುತ್ತದೆ. ಆದರೆ 12400ಎಫ್ ಕೊಳ್ಳಬೇಡಿ: ಕೊನೆಯಲ್ಲಿ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ, ಬೆಲೆ ಸ್ವಲ್ಪ ಕಡಿಮೆಯೆಂದು ಅದನ್ನು ತಂದರೆ ನಿಮಗೆ ಬೇಕಾದ ಭಾಗವೇ ಇಲ್ಲದಂತಾಗುತ್ತದೆ. ಬೇರೆ ಕಾರ್ಡ್ ಹಾಕಿದಾಗ ಕೆಲವು ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡಿಬಿಡುವುದರಿಂದ, ಜೋಡಿಸಿಕೊಡುವವರಿಗೆ ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ಕಡೆ) ಅದನ್ನು ಚಾಲೂ ಇಡಲು ಹೇಳಿ. ಬಣ್ಣ ತಿದ್ದುವಿಕೆ ಮತ್ತು ಎಫೆಕ್ಟ್‌ಗಳು ಹೆಚ್ಚಾಗಿ, ಅವುಗಳಿಂದಲೇ ನಿಧಾನವಾಗುತ್ತಿದೆ ಎಂದು ಕಂಡುಬಂದಾಗ ಗ್ರಾಫಿಕ್ಸ್ ಕಾರ್ಡ್‌ನ ಸರದಿ ಬರುತ್ತದೆ.

ನಿಮ್ಮ ಊರಿನ ಬೇಸಿಗೆಯ ಬಗ್ಗೆಯೂ ಒಂದು ಮಾತು: ಪ್ರೊಸೆಸರ್ ವಿಪರೀತ ಕಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಫ್ಯಾನ್‌ನ ದೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ.

ಪ್ರಶ್ನೆ: ಲ್ಯಾಪ್‌ಟಾಪಿಗೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ ಅದರಿಂದಲೇ ನೇರವಾಗಿ ಎಡಿಟ್ ಮಾಡಬಹುದೇ?

ಉತ್ತರ: ಮಾಡಬಹುದು, ಆದರೆ ಹೊರಗಿನ ಎಸ್‌ಎಸ್‌ಡಿ ಬಳಸುವುದು ಮೇಲು. ಯಾವುದನ್ನು ಬಳಸಿದರೂ ಪೋರ್ಟ್ ಮತ್ತು ಕೇಬಲ್ ಎರಡೂ ಯುಎಸ್‌ಬಿ 3 ದರ್ಜೆಯವೇ ಎಂದು ನೋಡಿಕೊಳ್ಳಿ; ಯುಎಸ್‌ಬಿ 2ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಎಂದರೆ 60 ಮೆಗಾಬೈಟ್ ಮಾತ್ರ, ಮತ್ತು ಬಳಕೆಯಲ್ಲಿ ಅಷ್ಟೂ ಸಿಗುವುದಿಲ್ಲ. ಗ್ರಾಹಕರ ವಿಡಿಯೊದ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರುವವರೆಗೆ ಕ್ಯಾಮೆರಾ ಕಾರ್ಡನ್ನು ಅಳಿಸಬೇಡಿ.