ಸ್ವಿಟ್ಜರ್ಲೆಂಡ್‌ನಲ್ಲಿ ಎಂಟು ದಿನ: ಆರು ಊರಲ್ಲಿ ಯಾವುದನ್ನು ಬಿಡಲಿ?

ನಾಲ್ಕನ್ನು ಬಿಡಿ. ಝೂರಿಕ್, ಲುಸರ್ನ್, ಇಂಟರ್‌ಲಾಕೆನ್, ಜರ್ಮಾಟ್, ಮಾಂಟ್ರೊ, ಸೇಂಟ್ ಮೊರಿಟ್ಜ್ ಅಂತ ಸಕಲೇಶಪುರದಿಂದ ನೀವು ಬರೆದಿರುವ ಪಟ್ಟಿ ಚಿಕ್ಕಮಗಳೂರಿನ ನನ್ನ ಹಳೇ ಡೈರಿಯಲ್ಲೂ ಇದೇ ಸಾಲಿನಲ್ಲಿದೆ. ಕಾಫಿ ತೋಟದವರಿಗೆ ಬಿಡುವು ಸಿಗುವುದೇ ಗಿಡ ಹೂಬಿಡಿಸುವ ಹೂಮಳೆ ಮುಗಿದ ಮೇಲೆ, ಮುಂಗಾರು ಹಿಡಿಯುವುದರೊಳಗೆ. ಹಾಗಾಗಿ ಮೇ ತಿಂಗಳು, ಜೊತೆಗೆ ಅಪ್ಪ-ಅಮ್ಮ. ಎಲ್ಲರ ಲೆಕ್ಕವೂ ಅದೇ.

ಊರು ಬದಲಿಸಲು ಹಿಡಿಯುವ ಹೊತ್ತು ಮ್ಯಾಪಿನಲ್ಲಿ ಕಾಣುವುದಿಲ್ಲ. ಇಂಟರ್‌ಲಾಕೆನ್‌ನಿಂದ ಜರ್ಮಾಟ್‌ಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಸರಿ. ಆದರೆ ಇಲ್ಲಿ ಬೆಳಿಗ್ಗೆ ಹತ್ತು-ಹನ್ನೊಂದಕ್ಕೆ ರೂಮು ಬಿಡಬೇಕು, ಅಲ್ಲಿ ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ. ನಡುವೆ ಸ್ಪೀಜ್, ವಿಸ್ಪ್‌ಗಳಲ್ಲಿ ಕೆಲವೇ ನಿಮಿಷಗಳಲ್ಲಿ ಪ್ಲಾಟ್‌ಫಾರ್ಮ್ ಬದಲಿಸಬೇಕು, ಅದೂ ವಯಸ್ಸಾದವರು ಮತ್ತು ಸೂಟ್‌ಕೇಸ್‌ಗಳ ಜೊತೆ. ಬೆಟ್ಟ ತಿಳಿಯಾಗಿರುವ ಬೆಳಗಿನ ಹೊತ್ತು ಸಾಮಾನು ಸಾಗಿಸುವುದರಲ್ಲೇ ಹೋಗುತ್ತದೆ. ಜರ್ಮಾಟ್‌ಗೆ ಜನ ಹೋಗುವುದು ಮ್ಯಾಟರ್‌ಹಾರ್ನ್ ಶಿಖರ ನೋಡಲು. ಒಂದೇ ರಾತ್ರಿ ಉಳಿದು, ಅವತ್ತು ಮೋಡ ಕವಿದರೆ ಕಥೆ ಮುಗಿಯಿತು.

ಊರುಗಳಿಗಿಂತ ಹೆಚ್ಚು ದುಡ್ಡು ತಿನ್ನುವ ತಪ್ಪು ಇನ್ನೊಂದಿದೆ: ಬೆಟ್ಟದ ಟಿಕೆಟ್‌ಗಳನ್ನು ಊರಲ್ಲಿ ಕೂತು ತಾರೀಕು ಹಾಕಿ ಕೊಳ್ಳುವುದು. ಏಜೆಂಟರು 'ಯುಂಗ್‌ಫ್ರಾ ಮೂರನೇ ದಿನ, ಟಿಟ್ಲಿಸ್ ಐದನೇ ದಿನ' ಅಂತ ಬರೆದುಕೊಟ್ಟುಬಿಡುತ್ತಾರೆ. ಬೆಟ್ಟಕ್ಕೆ ಆ ಕಾಗದ ಗೊತ್ತಿಲ್ಲ. ಬೇಸಿಗೆಯಲ್ಲಿ ಬಿಸಿಲು ಏರಿದಂತೆ ಕಣಿವೆಯ ತೇವದ ಗಾಳಿ ಇಳಿಜಾರು ಹತ್ತಿ ಮೇಲೆ ತಣಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಶಿಖರಕ್ಕೆ ಮೋಡ ಕಟ್ಟುತ್ತದೆ. ಇಡೀ ದಿನ ಮೋಡವೇ ಇದ್ದರಂತೂ ಜುಲೈನಲ್ಲಿ ಮುಳ್ಳಯ್ಯನಗಿರಿ ಹತ್ತಿದ ಹಾಗೆ: ಸುತ್ತ ಬಿಳಿ, ಕೈಚಾಚಿದರೆ ಕೈ ಕಾಣದು. ಮುಳ್ಳಯ್ಯನಗಿರಿಗಾದರೆ ಪೆಟ್ರೋಲ್ ಖರ್ಚು ಅಷ್ಟೇ. ಯುಂಗ್‌ಫ್ರಾ ಶಿಖರದ ಪಕ್ಕದ ರೈಲು ನಿಲ್ದಾಣವಾದ ಯುಂಗ್‌ಫ್ರಾಯೋಖ್‌ಗೆ ನಾಲ್ಕು ಜನರ ಟಿಕೆಟ್ ಇಡೀ ಪ್ರವಾಸದ ದುಬಾರಿ ಬಾಬ್ತುಗಳಲ್ಲಿ ಒಂದು.

ಹೀಗೆ ಮಾಡಿ. ಹಿಂದಿನ ಸಂಜೆ ಅಲ್ಲಿನ ಹವಾಮಾನ ಇಲಾಖೆಯ ಆ್ಯಪ್ ಮೀಟಿಯೋಸ್ವಿಸ್ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಆ ಬೆಟ್ಟದ ಲೈವ್ ಕ್ಯಾಮೆರಾ ತೆರೆಯಿರಿ. ಎಲ್ಲ ದೊಡ್ಡ ಶಿಖರಗಳಿಗೂ ಇದೆ, ಪುಕ್ಕಟೆ. ಆಕಾಶ ತಿಳಿಯಿದ್ದರೆ ಸ್ಟೇಷನ್ನಿಗೆ ಹೋಗಿ ಟಿಕೆಟ್ ಕೊಂಡು ಮೊದಲ ಗಾಡಿಗೇ ಹೊರಡಿ. ಜನ ಜಾಸ್ತಿ ಇರುವ ತಿಂಗಳಾದರೆ ಮುನ್ಸೂಚನೆ ನೋಡಿ ಒಂದೆರಡು ದಿನ ಮುಂಚೆ ಸೀಟು ಹಿಡಿಯಿರಿ, ಅದಕ್ಕಿಂತ ಮುಂಚೆ ಬೇಡ. ಕೇಬಲ್ ಕಾರ್ ಓಡುತ್ತಿದೆಯೇ ಎಂದೂ ನೋಡಿ, ಯಾಕೆಂದರೆ ಆಕಾಶ ಶುಭ್ರವಾಗಿದ್ದರೂ ದಕ್ಷಿಣದಿಂದ ಫೊಯೆನ್ ಎಂಬ ಬಿಸಿಗಾಳಿ ಜೋರಾಗಿ ಬೀಸಿದರೆ ನಿಲ್ಲಿಸಿಬಿಡುತ್ತಾರೆ.

ಅಪ್ಪ-ಅಮ್ಮನ ವಿಚಾರ. ಯುಂಗ್‌ಫ್ರಾಯೋಖ್ 3,454 ಮೀಟರ್ ಎತ್ತರ. ಮುಳ್ಳಯ್ಯನಗಿರಿ ಸುಮಾರು 1,930. ಗ್ರಿಂಡೆಲ್‌ವಾಲ್ಡ್‌ನಿಂದ ಈಗಿನ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರ್ ಹಿಡಿದರೆ ಒಂದು ಗಂಟೆಯೊಳಗೆ ಮೇಲಿರುತ್ತೀರಿ, ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಇಲ್ಲ. ತಲೆನೋವು, ಏದುಸಿರು ಬರುವುದುಂಟು. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಸಾವಿರ ಮೀಟರ್‌ಗೆ ಆರೇಳು ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ: ಇಂಟರ್‌ಲಾಕೆನ್‌ನಲ್ಲಿ ಬರೀ ಸ್ವೆಟರ್ ಸಾಕಾದ ದಿನವೂ ಮೇಲೆ ಹೆಪ್ಪುಗಟ್ಟುವ ಚಳಿ. ಅವರಿಗೆ ರಿಗಿ ಬೆಟ್ಟವೇ ವಾಸಿ. ಎತ್ತರ 1,798 ಮೀಟರ್, ಅಂದರೆ ನಮ್ಮ ಗಿರಿಗಿಂತ ಕಡಿಮೆ. ಆದರೆ ಒಂದು ಕಡೆ ಸರೋವರ, ಇನ್ನೊಂದು ಕಡೆ ಹಿಮದ ಸಾಲು. ಲುಸರ್ನ್‌ನಿಂದ ದೋಣಿಯಲ್ಲಿ ವಿಟ್ಸ್‌ನೌ, ಅಲ್ಲಿಂದ 1871ರಲ್ಲಿ ಶುರುವಾದ ಹಲ್ಲುಗಾಲಿ ರೈಲು, ಇಳಿಯುವಾಗ ವೆಗ್ಗಿಸ್ ಕಡೆಯ ಕೇಬಲ್ ಕಾರ್. ರೈಲು, ಬಸ್ಸು, ದೋಣಿಗೆಲ್ಲ ಒಂದೇ ಟಿಕೆಟ್ ಆದ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಇದಿಷ್ಟೂ ಅದರಲ್ಲೇ ಬರುತ್ತದೆ. ಯುಂಗ್‌ಫ್ರಾಯೋಖ್‌ಗೆ ಹಾಗಲ್ಲ, ಪಾಸ್ ಇದ್ದರೂ ಮೇಲಿನ ಭಾಗಕ್ಕೆ ಬೇರೆ ದುಡ್ಡು, ರಿಯಾಯಿತಿ ಮಾತ್ರ.

ಉಳಿಯುವುದು ಎರಡೇ ಕಡೆ. ಮೊದಲು ನಾಲ್ಕು ರಾತ್ರಿ ಲೌಟರ್‌ಬ್ರುನೆನ್ ಅಥವಾ ಇಂಟರ್‌ಲಾಕೆನ್ ಪಕ್ಕದ ವಿಲ್ಡರ್ಸ್‌ವಿಲ್, ಆಮೇಲೆ ಮೂರು ರಾತ್ರಿ ಲುಸರ್ನ್. ಲುಸರ್ನ್‌ನಿಂದ ಝೂರಿಕ್ ವಿಮಾನ ನಿಲ್ದಾಣ ಒಂದು ಗಂಟೆ ದಾರಿ, ಕೊನೇ ದಿನ ಓಡಾಟವಿಲ್ಲ. ಇಂಟರ್‌ಲಾಕೆನ್ ಓಸ್ಟ್‌ನಲ್ಲಿ ರೈಲು ಹತ್ತುವಾಗ ಬೋಗಿಯ ಮೇಲಿನ ಹೆಸರು ಓದಿ ಹತ್ತಿ: ಸ್ವೈಲ್ಯೂಚಿನೆನ್‌ನಲ್ಲಿ ಗಾಡಿ ಎರಡಾಗಿ, ಒಂದು ತುಂಡು ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ ಹೋಗುತ್ತದೆ. ಒಂದೇ ಕುಟುಂಬ ಎರಡು ಕಣಿವೆಗೆ ಹಂಚಿಹೋದದ್ದುಂಟು.

ಮೇ ತಿಂಗಳಲ್ಲಿ ಯಾಕೆ ಲೌಟರ್‌ಬ್ರುನೆನ್? ಹಿಮ ಕರಗಿ ಅಬ್ಬಿಗಳೆಲ್ಲ ತುಂಬಿ ಬೀಳುವ ಕಾಲ. ಸ್ಟೌಬ್‌ಬಾಖ್ ಸುಮಾರು 300 ಮೀಟರ್‌ನಿಂದ ಧುಮುಕುತ್ತದೆ. ಟ್ರುಮ್ಮೆಲ್‌ಬಾಖ್ ಬಂಡೆಯ ಒಳಗೇ ಹತ್ತು ಹಂತದಲ್ಲಿ ಇಳಿಯುತ್ತದೆ. ಲಿಫ್ಟ್ ಇದೆ, ಮೆಟ್ಟಿಲೂ ಇವೆ, ಒದ್ದೆ ನೆಲ, ಒಳ್ಳೆ ಹಿಡಿತದ ಬೂಟು ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಮೋಡದ ದಿನಕ್ಕೆ ಇವನ್ನೇ ಎತ್ತಿಡಿ. ಆದರೆ ಮೇನಲ್ಲಿ ಎತ್ತರದ ಕಾಲುದಾರಿಗಳಲ್ಲಿ ಇನ್ನೂ ಹಿಮ, ಫುರ್ಕಾದಂಥ ಘಾಟಿ ರಸ್ತೆಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಕೆಲವು ಕೇಬಲ್ ಕಾರ್‌ಗಳು ರಿಪೇರಿಗೆ ನಿಂತಿರುತ್ತವೆ. ಮಕ್ಕಳ ಸ್ಕೂಲಿನ ಹಂಗಿಲ್ಲದಿದ್ದರೆ ಮೇ ಬಿಟ್ಟು ಸೆಪ್ಟೆಂಬರ್ ಹಿಡಿಯಿರಿ ಅನ್ನುತ್ತೇನೆ. ನಮ್ಮಲ್ಲಿ ಕಾಫಿ ಕುಯ್ಲಿಗೆ ಇನ್ನೂ ಸಮಯವಿರುತ್ತದೆ, ಅಲ್ಲಿ ದಾರಿಗಳೆಲ್ಲ ತೆರೆದಿರುತ್ತವೆ.

ಗಾಜಿನ ಛಾವಣಿಯ ಗ್ಲೇಸಿಯರ್ ಎಕ್ಸ್‌ಪ್ರೆಸ್ ಬೇಡ. ಎಂಟು ಗಂಟೆ ಕೂರಬೇಕು, ಟಿಕೆಟ್ ಮೇಲೆ ರಿಸರ್ವೇಶನ್ ದುಡ್ಡು ಬೇರೆ, ಕಿಟಕಿ ತೆರೆಯದು, ಫೋಟೋದಲ್ಲಿ ನಿಮ್ಮದೇ ಮುಖದ ಪ್ರತಿಬಿಂಬ. ಅದೇ ಹಳಿಯ ಮೇಲೆ ಸಾಮಾನ್ಯ ರೈಲುಗಳೂ ಓಡುತ್ತವೆ, ರಿಸರ್ವೇಶನ್ ಬೇಕಿಲ್ಲ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಅಕ್ಕಿ, ಮೊಸರು, ತರಕಾರಿ ಕೋಪ್, ಮಿಗ್ರೋಸ್ ಅಂಗಡಿಗಳಲ್ಲಿ ಸಿಗುತ್ತವೆ. ಚಟ್ನಿಪುಡಿ, ಕಾಫಿಪುಡಿ ಒಯ್ಯಬಹುದು. ತುಪ್ಪ, ಹಾಲಿನ ಸಿಹಿ, ಮಾಂಸದ ಪದಾರ್ಥ ಮಾತ್ರ ಬೇಡ, ನಮ್ಮ ದೇಶದಿಂದ ಒಯ್ಯಲು ಬಿಡುವುದಿಲ್ಲ. ಭಾನುವಾರ ದೊಡ್ಡ ಸ್ಟೇಷನ್‌ಗಳಲ್ಲಿರುವುದನ್ನು ಬಿಟ್ಟರೆ ಬಹುತೇಕ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಕೊಂಡಿಡಿ. ಅಲ್ಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವಿಮೆ ಬೇಕು. ಮೇಗೆ ಹೋಗುವುದೇ ಖಚಿತವಾದರೆ ಜನವರಿಯಲ್ಲೇ ಬೆಂಗಳೂರಿನಲ್ಲಿ ವೀಸಾ ಅರ್ಜಿ ಕೊಡುವ ಸ್ಲಾಟ್ ಹಿಡಿಯಿರಿ. ಬೇಸಿಗೆ ರಜೆಗೆ ಎಲ್ಲರೂ ಒಟ್ಟಿಗೇ ಮುಗಿಬೀಳುತ್ತಾರೆ.